ಕೆಂಚನಿಗೆ ನಾನು ಹುಡುಕಿಕೊಟ್ಟ ಮನೆ

ಸುಮಿತ್ರಾ, ಕೆಂಚನಿಗೆ ಒಳ್ಳೆಯ ಮನೆ ಸಿಕ್ಕಿತು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಗೆಂಡೆಹಳ್ಳಿಯ ತೋಟದಲ್ಲಿ ಸುಖವಾಗಿದ್ದಾನೆ ಎಂದು ವರ್ಷಗಟ್ಟಲೆ ಹೇಳುತ್ತ ಬಂದದ್ದು ಸುಳ್ಳು. ಕೊನೆಗೆ ವಯಸ್ಸಾಗಿ ನಿದ್ದೆಯಲ್ಲೇ ಹೋದ ಎಂದೆನಲ್ಲ— ಅದೂ ಸುಳ್ಳು. ಅವನು ಎಲ್ಲಿ ಸತ್ತ, ಹೇಗೆ ಸತ್ತ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅವನನ್ನು ನಿನಗೆ ಕೊಡಬಾರದು ಎಂದು ತೀರ್ಮಾನಿಸಿದವಳು ನಾನು, ಅದಕ್ಕೆ ಕಾರಣ ನಿನ್ನ ಜಾತಿ.

ಬರೆದುಬಿಟ್ಟೆ. ಈ ಒಂದು ಮಾತು ಬರೆಯಲು ನಿವೃತ್ತಿಯಾಗಿ, ತಲೆ ಪೂರ್ತಿ ಬೆಳ್ಳಗಾಗಬೇಕಾಯಿತು. ನಿನಗೆ ಗೊತ್ತಿರುವ ಕತೆಯನ್ನೇ ಮತ್ತೆ ಮೊದಲಿನಿಂದ ಹೇಳುತ್ತೇನೆ. ನನ್ನ ಒಳಗೆ ಅದು ಹೇಗೆ ನಡೆಯಿತೆಂದು ನಿನಗೆ ಗೊತ್ತಿಲ್ಲವಲ್ಲ.

ನಾವಿಬ್ಬರೂ ಮಾದಿಹಳ್ಳಿಯಲ್ಲಿ ಒಂದೇ ಶಾಲೆಯ ಟೀಚರುಗಳು. ನೀನು ಗಣಿತಕ್ಕೆ, ನಾನು ಸಮಾಜ ಪಾಠಕ್ಕೆ. ನೀನು ನನಗಿಂತ ಬಹಳ ಚಿಕ್ಕವಳು, ಬಂದ ಮೊದಲ ವಾರದಿಂದಲೇ ನನ್ನನ್ನು ಅಕ್ಕ ಎಂದು ಕರೆದೆ. ಮಕ್ಕಳಿಗೆ ಹುಲಿಕೆರೆಯ ಕೊಳ ತೋರಿಸಿಕೊಂಡು ಬರುವಾಗ ರಸ್ತೆ ಪಕ್ಕದಲ್ಲಿ ಆ ಕೆಂಚು ಬಣ್ಣದ ನಾಯಿ ಕಂಡಿತು. ಲೈಟುಕಂಬಕ್ಕೆ ಮೂತಿ ತಾಗಿಸಿಕೊಳ್ಳುವುದು, ಹಿಂದೆ ಸರಿಯುವುದು, ಮತ್ತೆ ಅದೇ ಕಂಬಕ್ಕೆ ತಾಗುವುದು. ಮಕ್ಕಳು ನಕ್ಕರು. ನೀನು ವೇಲು ತೆಗೆದು ಅವನನ್ನು ಸುತ್ತಿ ಎತ್ತಿಕೊಂಡೆ. ಎರಡೂ ಕಣ್ಣು ಕೀವುಗಟ್ಟಿ ಮುಚ್ಚಿಹೋಗಿದ್ದವು. ದನದ ಡಾಕ್ಟರು ಜೀವ ಉಳಿಸಿದರು, ಕಣ್ಣು ಮಾತ್ರ ಬರುವುದಿಲ್ಲ ಎಂದರು.

ಆಗ ನೀನೂ ನಿನ್ನ ತಾಯಿಯೂ ಬಾಡಿಗೆಯ ಒಂದು ಕೋಣೆಯಲ್ಲಿದ್ದಿರಿ. ನಿಮ್ಮ ಸ್ವಂತ ಮನೆ ಇನ್ನೂ ಗೋಡೆ ಮಟ್ಟದಲ್ಲಿತ್ತು.

"ಮನೆ ಆಗೋವರೆಗೂ ನಿಮ್ಮ ಹಿತ್ತಲಲ್ಲಿ ಇರ್ಲಿ ಅಕ್ಕಾ. ಆಮೇಲೆ ನಾನ್ ಕರ್ಕೊಂಡ್ಹೋಗ್ತೀನಿ," ಅಂದೆ.

ಆಗಲಿ, ಅದಕ್ಕೇನಂತೆ ಎಂದೆ ನಾನು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ಹೊಗಳಿದರು, ನಾನೂ ಹೊಗಳಿಸಿಕೊಂಡೆ.

ಕೆಂಚ ನಮ್ಮ ಹಿತ್ತಿಲಿಗೆ ಬೇಗ ಹೊಂದಿಕೊಂಡ. ಅಡಿಗೆಮನೆಯ ಹಿಂಬಾಗಿಲ ಹೊಸ್ತಿಲಿಗೆ ಗದ್ದವಿಟ್ಟು ಮಲಗುತ್ತಿದ್ದ. ಮುದ್ದೆ ತಿರುವುವ ಸದ್ದಾದರೆ ಕಿವಿ ಎದ್ದು ನಿಲ್ಲುತ್ತಿತ್ತು. ಕೊಟ್ಟಿಗೆ ಮಾತ್ರ ಅವನಿಗೆ ಆಗಿಬರಲಿಲ್ಲ. ಕರು ಹಾಕಿದ ಹಸುವಿನ ಕಾಲ ಕೆಳಗೆ ತೂರಲು ಹೋಗಿ ಪಕ್ಕೆಗೆ ಒದೆ ತಿಂದು, ವಾರವೆಲ್ಲ ನರಳಿದ. ಇಲ್ಲಿ ಅವನನ್ನು ಬಹಳ ದಿನ ಇಟ್ಟುಕೊಳ್ಳುವ ಹಾಗಿಲ್ಲ ಎಂದು ನಮ್ಮಿಬ್ಬರಿಗೂ ಅನ್ನಿಸಿತು.

ನೀನು ದಿನಾ ಸಂಜೆ ಬರುತ್ತಿದ್ದೆ. ಹಿತ್ತಿಲ ಗೇಟು ತೆಗೆದುಕೊಂಡು ಬಂದು ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದೆ, ಅವನು ನಿನ್ನ ಮಡಿಲಿಗೆ ತಲೆ ತೂರಿಸುತ್ತಿದ್ದ. ಒಳಗೆ ಬಾ ಎಂದು ನಾನು ಒಂದು ದಿನವೂ ಕರೆಯಲಿಲ್ಲ. ಟೀ ಕೊಡುತ್ತಿದ್ದೆ— ಕಾಗದದ ಲೋಟದಲ್ಲಿ. "ತೊಳೆಯೋ ರಗಳೆನೇ ಇಲ್ಲ ನೋಡು," ಎಂದು ನಗುತ್ತಲೂ ಇದ್ದೆ. ನನ್ನ ಕೈ ಏನು ಮಾಡುತ್ತಿದೆ ಎಂದು ನನಗೇ ತಿಳಿದಿರಲಿಲ್ಲವೆಂದರೆ ಅದೂ ಇನ್ನೊಂದು ಸುಳ್ಳಾದೀತು. ಆ ಲೋಟಗಳನ್ನು ಪೇಟೆಯಿಂದ ನಾನೇ ತರಿಸಿಟ್ಟಿದ್ದೆ. ಬೇರೆ ಟೀಚರುಗಳು ಮನೆಗೆ ಬಂದಾಗ ಸ್ಟೀಲ್ ಲೋಟ ತೊಳೆಯುವುದು ನನಗೆ ರಗಳೆ ಆಗುತ್ತಿರಲಿಲ್ಲ. ಅದೇ ನಾನು ಒಂಬತ್ತನೇ ತರಗತಿಗೆ ಅಸ್ಪೃಶ್ಯತೆಯ ಪಾಠ ಮಾಡುವಾಗ ಮಕ್ಕಳ ಕಣ್ಣು ಒದ್ದೆಯಾಗುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ.

ನಿನ್ನ ಮನೆ ಮುಗಿಯಿತು. ನಮ್ಮ ತೆಂಗಿನ ತೋಟದ ಬೇಲಿ ದಾಟಿದರೆ ನಿನ್ನ ಅಂಗಳ. ಗೃಹಪ್ರವೇಶದ ದಿನ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಬಿಳಿ ಸೀರೆಯುಟ್ಟು ನಿನ್ನ ತಾಯಿ ಎಲ್ಲರನ್ನೂ ಕೈ ಹಿಡಿದು ಊಟಕ್ಕೆ ಕೂರಿಸುತ್ತಿದ್ದರು. ನನ್ನ ಕೈಯನ್ನೂ ಹಿಡಿದರು. ಇವತ್ತು ನನಗೆ ಒಪ್ಪತ್ತು ಅಮ್ಮಾ, ಎಂದೆ. ಬೆಳಿಗ್ಗೆ ಮನೆಯಲ್ಲಿ ಹೊಟ್ಟೆ ತುಂಬ ರೊಟ್ಟಿ ತಿಂದು ಬಂದಿದ್ದೆ.

ನೀನು ಅದನ್ನು ನಂಬಿದೆ. ಉಣ್ಣದಿದ್ದರೂ ಮನೆಯನ್ನಾದರೂ ನೋಡಿ ಎಂದು ಹಿಡಿದೆಳೆದುಕೊಂಡು ಹೋದೆ.

"ನೋಡಿ ಅಕ್ಕಾ, ಕೆಂಚನಿಗೆ ಅಂತ ಬಾಗಿಲಿಗೆ ಮೆಟ್ಟಿಲೇ ಇಡಿಸ್ಲಿಲ್ಲ, ಇಳಿಜಾರು ಮಾಡ್ಸಿದ್ದೀನಿ. ನೀರಿನ ಸಂಪ್‌ಗೆ ಕಬ್ಬಿಣದ ಮುಚ್ಚಳ ಹಾಕ್ಸಿದ್ದೀನಿ. ಮಂಚ, ಕುರ್ಚಿ ಒಂದ್ಸಲ ಇಟ್ಟ ಮೇಲೆ ಜಾಗ ಬದಲಾಯಿಸಂಗಿಲ್ಲ ಅಂತ ಅಮ್ಮಂಗೂ ಹೇಳ್ಬಿಟ್ಟಿದ್ದೀನಿ. ಬರೋ ಭಾನುವಾರ ಕರ್ಕೊಂಡ್ ಬರ್ಲಾ?"

ನಿನ್ನ ತಾಯಿ ಹಿಂದಿನಿಂದ, "ಕಣ್ ಇಲ್ದಿದ್ರೇನವ್ವ, ಅದೂ ಒಂದ್ ಜೀವ ಅಲ್ವಾ. ನಂಗೂ ಜೊತೆ ಆಯ್ತದೆ," ಎಂದರು.

ಸುತ್ತಲ ಊರಲ್ಲೆಲ್ಲ ಕೇಳಿ ನೋಡಿದ್ದರೂ ಕುರುಡು ನಾಯಿಗೆ ಇಂಥ ಮನೆ ಸಿಗುತ್ತಿರಲಿಲ್ಲ. ಇಲ್ಲಿ ನಾಯಿ ಸಾಕುವುದೇ ತೋಟ ಕಾಯಲು, ಕೊಟ್ಟಿಗೆ ಕಾಯಲು. ಬರಿದೆ ಇರಲಿ ಎಂದು ಕರೆದವರು ನೀವಿಬ್ಬರೇ.

ತೋಟದೊಳಗೆ ಹಾಯ್ದು ಮನೆಗೆ ನಡೆಯುವಾಗ ನನಗೆ ಆ ಯೋಚನೆ ಬಂತು. ಯಾರೂ ತಲೆಗೆ ತುಂಬಲಿಲ್ಲ; ನಮ್ಮ ಯಜಮಾನರು ಒಂದು ಮಾತೂ ಆಡಿದವರಲ್ಲ. ನನಗೆ ನಾನೇ ಅಂದುಕೊಂಡೆ— ಇಷ್ಟು ಹತ್ತಿರ. ವಾಸನೆ ಹಿಡಿದು ದಿನಾ ಬರುತ್ತಾನೆ. ಅವರ ತಟ್ಟೆ ನೆಕ್ಕಿದ ಬಾಯಲ್ಲಿ ಬಂದು ನನ್ನ ಅಡಿಗೆಮನೆಯ ಹೊಸ್ತಿಲಿಗೆ ಗದ್ದ ಇಡುತ್ತಾನೆ. ಅವನನ್ನು ಹುಡುಕಿಕೊಂಡು ಇವಳು ಬರುತ್ತಾಳೆ. ಇವತ್ತು ಹೊಸ್ತಿಲು, ನಾಳೆ ಒಳಗೆ...

ಊರಿನ ಬೀದಿನಾಯಿಗಳೆಲ್ಲ ಎಲ್ಲ ಕೇರಿಯ ಎಂಜಲೂ ತಿಂದು ನಮ್ಮ ಜಗಲಿಯಲ್ಲೇ ಮಲಗುತ್ತವೆ. ಅವು ಬಾಯಿ ಎಲ್ಲಿಟ್ಟಿದ್ದವೆಂದು ನಾನು ಎಂದೂ ಕೇಳಿದವಳಲ್ಲ. ನನ್ನ ಹೆದರಿಕೆ ನಾಯಿಯದಾಗಿರಲಿಲ್ಲ. ನಾನೇ ಇಟ್ಟುಕೊಳ್ಳುತ್ತೇನೆ ಎಂದರೂ ಆಗುತ್ತಿತ್ತು, ಕೊಟ್ಟಿಗೆಗೊಂದು ಅಡ್ಡ ಕಟ್ಟಿಸಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಇರುವ ತನಕ ನೀನು ಬರುತ್ತಿದ್ದೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ನಿನಗೆ ಹೇಳಿದೆ: "ಕೆಂಚನ್ನ ಕೊಡ್ತೀನಿ ಅಂತ ಗೆಂಡೆಹಳ್ಳಿಯವ್ರಿಗೆ ಮಾತು ಕೊಟ್ಬಿಟ್ಟಿದ್ದೀನಿ ಸುಮಿತ್ರಾ. ದೊಡ್ಡ ತೋಟ, ಒಳ್ಳೆ ಜನ."

"ನಂಗೆ ಅಂತ ಅಂದಿದ್ರಲ್ಲ ಅಕ್ಕಾ..." ಎಂದೆ. ಆಮೇಲೆ ನೀನೇ ಸಮಾಧಾನ ಮಾಡಿಕೊಂಡೆ. "ಇರ್ಲಿ ಬಿಡಿ. ಓಡಾಡೋಕೆ ಜಾಗ ಇದ್ರೆ ಅವನಿಗೇ ಒಳ್ಳೇದು."

ಆ ಹೊತ್ತಿಗೆ ನಾನು ಗೆಂಡೆಹಳ್ಳಿಯ ಯಾರಿಗೂ ಮಾತು ಕೊಟ್ಟಿರಲಿಲ್ಲ. ಆಡಿದ ಸುಳ್ಳನ್ನು ನಿಜ ಮಾಡಲು ಅಂದೇ ನನ್ನ ಚಿಕ್ಕಪ್ಪನ ಮಗ ರಂಗನಿಗೆ ಫೋನು ಮಾಡಿದೆ. ತೋಟಕ್ಕೆ ನಾಯಿ ಬೇಕೆಂದು ಅವನು ಯಾವಾಗಲೋ ಅಂದಿದ್ದ. ಕಣ್ಣು ಹೇಗಿದೆ ಎಂದು ಅವನು ಕೇಳಲಿಲ್ಲ, ಕುರುಡು ಎಂದು ನಾನು ಹೇಳಲಿಲ್ಲ. ನೀನು ಬರುವ ಸಂಜೆಗೆ ಮುಂಚೆಯೇ ಅವನ ಗೂಡ್ಸ್ ಆಟೋ ಬಂದು ಕೆಂಚನನ್ನು ಕರೆದುಕೊಂಡು ಹೋಯಿತು.

ಸ್ವಲ್ಪ ದಿನಕ್ಕೆ ರಂಗನೇ ಫೋನು ಮಾಡಿದ.

"ಇದೇನ್ ನಾಯಿ ಕೊಟ್ಟೆ ಅಕ್ಕಯ್ಯ? ಕಣ್ಣೇ ಕಾಣಕಿಲ್ಲ ಅದುಕ್ಕೆ. ಅದುನ್ ಕಾಯೋಕೆ ಇನ್ನೊಂದ್ ನಾಯಿ ತರ್ಬೇಕು."

ವಾಪಸ್ ತಂದುಬಿಡೋ ಎನ್ನಲು ಬಾಯಿ ತೆರೆದೆ— ನಿಜವಾಗಿ ಎನ್ನುತ್ತಿದ್ದೆನೋ ಇಲ್ಲವೋ, ಈಗ ಹೇಗೆ ಹೇಳಲಿ? ಅಷ್ಟರಲ್ಲಿ ಅವನೇ ಅಂದ: "ಬೇಲೂರ್ ರಸ್ತೇಲಿ ಬಿಟ್ಬುಟ್ಟೆ ಕಣಕ್ಕ. ಎಲ್ಲಾರ ಬದಿಕ್ಕಳ್ಳಿ ಅಂತ."

ಮಾರನೆಯ ದಿನ ರಜೆ ಹಾಕಿ ಹೋದೆ. ಬಸ್ಸಿಳಿದು ರಸ್ತೆಯುದ್ದಕ್ಕೂ ಬೇಲಿ, ಮೋರಿ ಎಲ್ಲ ನೋಡಿದೆ. ಟೀ ಅಂಗಡಿಯವನನ್ನು ಕೇಳಿದೆ. "ಇಲ್ಲಿ ಓಡಾಡೋ ನಾಯ್ಗೆಲ್ಲ ಕಣ್ಣೈತಾ ಇಲ್ವಾ ಅಂತ ಯಾರ್ ನೋಡ್ತಾ ಕುಂತವ್ರೆ ಮೇಡಂ?" ಎಂದ. ಹುಡುಕಿದೆ ಅನ್ನುತ್ತೇನೆ, ಆದರೆ ಕೆಂಚಾ ಎಂದು ಜೋರಾಗಿ ಕೂಗಲಿಲ್ಲ. ಆ ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ನಂಟರಿದ್ದಾರೆ. ಟೀಚರಮ್ಮ ನಡುರಸ್ತೆಯಲ್ಲಿ ನಾಯಿ ಕೂಗಿಕೊಂಡು ತಿರುಗುವುದನ್ನು ಕಂಡಾರು ಎಂದು ನಾಚಿಕೆಯಾಯಿತು. ಬಾಯೊಳಗೇ ಕರೆದೆ. ಕಣ್ಣಿಲ್ಲದವನನ್ನು ಕೂಗದೆ ಹುಡುಕುವುದು ಎಂಥ ಹುಡುಕಾಟ? ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ, ಮತ್ತೆ ಹೋಗಲಿಲ್ಲ.

ನೀನು ಕೇಳುತ್ತಲೇ ಇದ್ದೆ. ವರ್ಗವಾಗಿ ಅರಸೀಕೆರೆಗೆ ಹೋದ ಮೇಲೂ ಫೋನಿನಲ್ಲಿ ಮೊದಲ ಮಾತು ಅದೇ. ದಪ್ಪ ಆಗಿದ್ದಾನೆ ಎಂದೆ ನಾನು. ಮಕ್ಕಳು ಬಹಳ ಹಚ್ಚಿಕೊಂಡಿದ್ದಾರೆ ಎಂದೆ. ರಂಗನಿಗೆ ಮಕ್ಕಳೇ ಇಲ್ಲ. ಒಂದು ಸಲ ಹೋಗಿ ನೋಡಿ ಬರೋಣ ಎಂದು ನೀನು ಹಟ ಹಿಡಿದಾಗ ಗಾಬರಿಬಿದ್ದು ಕೆಂಚನನ್ನು ಮಾತಿನಲ್ಲೇ ಸಾಯಿಸಿಬಿಟ್ಟೆ. ನೀನು ಆ ಕಡೆ ಅಳುತ್ತಿದ್ದೆ. ಅತ್ತು ಮುಗಿಸಿ, "ನಿಮ್ಮಿಂದ ಒಳ್ಳೆ ಮನೆ ಕಂಡ ಅಕ್ಕಾ ಅವನು. ನಿಮ್ಮ ಋಣ," ಎಂದೆ. ನಾನು ಬೈಸಿಕೊಂಡಿದ್ದರೆ ಮರೆಯುತ್ತಿದ್ದೆನೋ ಏನೋ. ಆ ಋಣ ಎಂಬ ಮಾತನ್ನು ಮರೆಯಲಾಗಿಲ್ಲ.

ಒಂದು ಕಾಲಕ್ಕೆ ಅಂದುಕೊಂಡೆ, ಅರಸೀಕೆರೆಗೆ ಬಂದು, ನಿನ್ನ ಕೈಯಿಂದ ನೀರು ಇಸಿದುಕೊಂಡು ನಿನ್ನೆದುರೇ ಕುಡಿದು, ಎಲ್ಲ ಹೇಳಿಬಿಡಬೇಕೆಂದು. ಆಮೇಲೆ ತಿಳಿಯಿತು, ಆ ನೀರೂ ನನ್ನ ಸಮಾಧಾನಕ್ಕೇ. ನಿನ್ನ ಮನೆಯ ನೀರು ಕುಡಿದದ್ದನ್ನು ದೊಡ್ಡ ಸಾಹಸ ಅಂದುಕೊಳ್ಳುವವಳಿಗೆ ಯಾಕೆ ಕೊಡಬೇಕು ನೀನು? ನಾನು ಬರುವುದಿಲ್ಲ. ಇದನ್ನು ಕಳಿಸುತ್ತೇನೆ. ಇದನ್ನು ಓದಿ ನೀನು ಫೋನು ಮಾಡದಿದ್ದರೆ, ಅದು ಸರಿಯಾದದ್ದೇ.

ಒಂದು ಮಾತು ಉಳಿದಿದೆ. ಅದನ್ನು ಬಿಟ್ಟೇ ಮುಗಿಸೋಣ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ.

ಅಂದು ಕೆಂಚ ಆಟೋ ಹತ್ತಲಿಲ್ಲ. ಇಂಜಿನ್ನಿನ ಸದ್ದಿಗೇ ಹೆದರಿ ನಾಲ್ಕು ಕಾಲೂ ನೆಲಕ್ಕೆ ಊರಿ ನಿಂತ. ರಂಗ ಎತ್ತಲು ಹೋದರೆ ಕಿರುಚಿಕೊಂಡ, ಹಳೆಯ ಪಕ್ಕೆ ನೋವು. ಇವನು ಹತ್ತುವ ಹೊತ್ತಿಗೆ ನೀನು ಬಂದುಬಿಟ್ಟರೆ ಎಂದು ನನಗೆ ದಿಗಿಲು. ದಿನಾ ಸಂಜೆ ಗೇಟಿನ ಸದ್ದಾದಾಗ ನಾನು ಅವನಿಗೆ ಒಂದು ಮಾತು ಹೇಳುತ್ತಿದ್ದೆ, ಅದನ್ನು ಕೇಳಿದರೆ ಸಾಕು, ಎದ್ದುಬಿದ್ದು ಓಡುತ್ತಿದ್ದ. ಆಟೋದೊಳಗಿನ ಹಲಗೆಯನ್ನು ಕೈಯಿಂದ ಮೆಲ್ಲಗೆ ತಟ್ಟಿ, ಅದೇ ಮಾತು ಹೇಳಿದೆ: "ಕೆಂಚಾ, ಸುಮಿತ್ರಾ ಬಂದ್ಲು ಕಣೋ."

ಅವನ ಮೈ ಸಡಿಲವಾಯಿತು. ಮುಂಗಾಲು ಎತ್ತಿ ಅಂಚು ತಡಕಿ, ತಾನೇ ಹತ್ತಿದ. ರಂಗ ಹಿಂದಿನ ಬಾಗಿಲು ಹಾಕುವಾಗಲೂ ಮೂಗೆತ್ತಿ ಹುಡುಕುತ್ತಿದ್ದ, ಬಾಲ ಆಡುತ್ತಲೇ ಇತ್ತು.

ನಿನ್ನ ಮನೆಗೆ ಹೊರಟಿದ್ದೇನೆ ಎಂದುಕೊಂಡೇ ಹೋದ, ಸುಮಿತ್ರಾ.