ಕೆಂಪಮ್ಮಂದಿರಿಗೆ ಬೆಲ್ಲ

ಖಾಲಿ ಪ್ಲಾಸ್ಟಿಕ್ ಕೊಡಗಳು ಒಂದಕ್ಕೊಂದು ತಾಗುವ ಟೊಳ್ಳು ಸದ್ದು. ಎರಡು ಸಾವಿರದ ಮೂರರಲ್ಲಿ ತಾಂಬರಂನ ಆ ಬೀದಿಗೆ ಬೆಳಗಾಗುತ್ತಿದ್ದುದು ಹಾಗೆ. ನೀರಿನ ಲಾರಿ ತಿರುವಿನಲ್ಲಿ ಕಾಣುವ ಮೊದಲೇ ಗುಣವತಿ ಸಾಲಿನಲ್ಲಿರುತ್ತಿದ್ದಳು. ಕೊಡ ಒಳಗಿಟ್ಟು, ಮಗಳಿಗೆ ಜಡೆ ಹಾಕಿ, ರೈಲು ಹಿಡಿದು, ಆಮೇಲೆ ಬಸ್ಸು ಹಿಡಿದು, ಅಡ್ಯಾರಿನ ಪ್ರಯೋಗಾಲಯಕ್ಕೆ ಹೋಗುತ್ತಿದ್ದಳು. ಅಲ್ಲಿಯೂ ಅವಳು ನೋಡಿಕೊಳ್ಳುತ್ತಿದ್ದುದು ನೀರನ್ನೇ. ಯಾರೂ ಕುಡಿಯಲಾಗದ ನೀರು.

ಚಿತ್ರದುರ್ಗದ ಕಡೆ ಮುಚ್ಚಿಹೋದ ತಾಮ್ರದ ಗಣಿಯೊಂದರಿಂದ ತಂದದ್ದು. ನಿಂಬೆರಸದಷ್ಟು ಹುಳಿ. ಅದರೊಳಗೆ ಕಣ್ಣಿಗೆ ಕಾಣದ ಜೀವಗಳಿದ್ದವು. ಕಬ್ಬಿಣವೇ ಅವುಗಳ ಊಟ. ಗಾಜಿನ ಫ್ಲಾಸ್ಕಿನಲ್ಲಿ ಕಬ್ಬಿಣ ಕರಗಿದ ತಿಳಿಹಸಿರು ದ್ರವಕ್ಕೆ ಆ ನೀರನ್ನು ಸ್ವಲ್ಪ ಬೆರೆಸಿಟ್ಟರೆ ಕೆಲವು ದಿನಗಳಲ್ಲಿ ತುಕ್ಕಿನ ಕೆಂಪಿಗೆ ತಿರುಗುತ್ತಿತ್ತು. ಕೆಂಪಾದರೆ ಬದುಕಿವೆ ಎಂದರ್ಥ. ಗುಣವತಿ ಅವುಗಳನ್ನು ಕೆಂಪಮ್ಮಂದಿರು ಎನ್ನುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಸಿಕ್ಕ ಹಂಗಾಮಿ ಕೆಲಸ ಅದು. ದೀಪಾವಳಿಯ ಹೊತ್ತಿಗೆ ಕಾಯಂ ಮಾಡಿಸುತ್ತೇನೆ ಎಂದು ಮುಖ್ಯಸ್ಥ ಪ್ರತಾಪ್ ಹೇಳಿದ್ದರು. ಆ ಮಾತಿನ ಮೇಲೆ ಅವಳು ಮಗಳನ್ನು ದೊಡ್ಡ ಶಾಲೆಗೆ ಸೇರಿಸಿದ್ದಳು.

ಆಯುಧಪೂಜೆಯ ದಿನ ಮೈಕ್ರೋಸ್ಕೋಪಿಗೂ ತಕ್ಕಡಿಗೂ ಗಂಧ, ಕುಂಕುಮ ಇಟ್ಟರು. ಗುಣವತಿ ಎಲ್ಲರ ಕೈಗೂ ಕಡಲೆಪುರಿ, ಬೆಲ್ಲ ಹಾಕಿದಳು.

ಸಂಶೋಧನೆ ಮಾಡುತ್ತಿದ್ದ ವಿಘ್ನೇಶ್ ಬಾಯಿ ತುಂಬಿಕೊಂಡೇ ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ: "ಅಕ್ಕಾ, ನಮಗೆಲ್ಲಾ ಪೊರಿ ಆಯ್ತು. ನಿಮ್ ಕೆಂಪಮ್ಮಂದ್ರಿಗೆ? ಪಾವಂ, ವರ್ಷಪೂರ್ತಿ ಬರೀ ಕಬ್ಬಿಣ."

"ಸುಮ್ನಿರಪ್ಪ. ಅವಕ್ಕೆಲ್ಲಿ ಬೆಲ್ಲ?"

"ಯಾಕೆ, ಅವಕ್ಕೇನ್ ಷುಗರಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಎಲ್ಲರೂ ಹೋದ ಮೇಲೆ, ಬೀಗ ಹಾಕುವ ಮುನ್ನ, ಪ್ರತಿ ಫ್ಲಾಸ್ಕಿನ ಹತ್ತಿಯ ಬಿರಡೆ ತೆಗೆದು ಒಂದೊಂದು ಚೂರು ಬೆಲ್ಲ ಹಾಕಿದಳು.

ರಜೆ ಮುಗಿದು ಬಂದಾಗ ಒಂದೂ ಕೆಂಪಾಗಿರಲಿಲ್ಲ. ಹಸಿರು ದ್ರವದ ಮೇಲೆ ಬಿಳಿಯ ಬೂಷ್ಟು ತೇಲುತ್ತಿತ್ತು. ಆ ಜೀವಗಳಿಗೆ ಆಸಿಡ್ಡಾಗಲಿ ತಾಮ್ರವಾಗಲಿ ಏನೂ ಮಾಡುವುದಿಲ್ಲ, ಸಿಹಿಯೇ ವಿಷ.

"ಯಾರ ಕೆಲಸ ಇದು?" ಪ್ರತಾಪ್ ಕೇಳಿದರು.

"ನಾನೇ ಸಾರ್. ಹಬ್ಬ ಅಂತ ಒಂಚೂರು ಬೆಲ್ಲ..."

ಅವರು ದನಿ ಏರಿಸಲಿಲ್ಲ. "ಮನೇಲಿ ದೇವರ ನೈವೇದ್ಯಕ್ಕೆ ಆಸಿಡ್ ಇಡ್ತೀಯೇನು? ಸರಿ. ನಾಳೆಯಿಂದ ಬರಬೇಡ."

ವಿಘ್ನೇಶ್ ಮೈಕ್ರೋಸ್ಕೋಪಿನೊಳಗೆ ಕಣ್ಣಿಟ್ಟು ಕೂತಿದ್ದ. ಅದರ ಕೆಳಗೆ ನೋಡಲು ಮಾದರಿಯ ಗಾಜಿನ ಪಟ್ಟಿಯೇ ಇರಲಿಲ್ಲ.

ದೀಪಾವಳಿಗೆ ಮೊದಲು ಅವಳು ತನ್ನ ಊಟದ ಡಬ್ಬಿ ಒಯ್ಯಲು ಬಂದಳು. ಅವಳ ಸ್ಟೂಲಿನ ಮೇಲೆ ಚಂದ್ರಮತಿ ಎಂಬ ಹೊಸಬಳು ಕೂತಿದ್ದಳು. ಫ್ಲಾಸ್ಕುಗಳು ಸಾಲಾಗಿ, ಕೆಂಪಗೆ ನಿಂತಿದ್ದವು.

ಗುಣವತಿ ಅವನ್ನೇ ನೋಡುತ್ತ ಡಬ್ಬಿ ಎತ್ತಿಕೊಂಡು ಹೊರಟಳು. ವಿಘ್ನೇಶ್ ಮೆಟ್ಟಿಲವರೆಗೂ ಹಿಂದೆ ಬಂದ.

"ಫ್ರಿಜ್ಜಲ್ಲಿ ಒಂದ್ ಚಿಕ್ಕ ಬಾಟ್ಲಿ ಮೊದ್ಲೇ ಎತ್ತಿಟ್ಟಿದ್ವಿ ಅಕ್ಕಾ. ಅದ್ರಿಂದ ಎಲ್ಲಾ ತಿರುಗ ಬೆಳೀತು. ಪರವಾಯಿಲ್ಲೆ, ನಷ್ಟ ಏನೂ ಆಗ್ಲಿಲ್ಲ."

"ಸಾರ್‌ಗೆ ಗೊತ್ತಾ?"

"ಅವರೇ ಎತ್ತಿಟ್ಟಿದ್ದು."

"ಬೆಲ್ಲದ ಮಾತು ತೆಗೆದಿದ್ದು ನೀನು ಅಂತ ಅವ್ರಿಗೆ ಗೊತ್ತಾ?"

"ನಾನ್ ತಮಾಷೆಗೆ ಅಂದಿದ್ದು ಅಕ್ಕಾ. ನನ್ ಥೀಸಿಸ್‌ಗೆ ಸೈನ್ ಹಾಕೋರು ಅವರೇ ಅಲ್ವಾ."

"ತಮಾಷೆ ಅಂತ ನಂಗೂ ಗೊತ್ತಿತ್ತಪ್ಪ," ಎಂದಳು ಗುಣವತಿ, ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಳ್ಳುತ್ತ. "ಆದ್ರೂ ಎಲ್ಲಾರ ಬಾಯಲ್ಲೂ ಸಿಹಿ ಇರುವಾಗ ಅವು ಮಾತ್ರ ಹಂಗೇ..." ಎನ್ನುತ್ತಲೇ ಮೆಟ್ಟಿಲಿಳಿದು ಬಸ್ಸಿನ ಕಡೆಗೆ ನಡೆದಳು.