ಕೆಂಪು ಹಾಳೆ, ಹಸಿರು ಹಾಳೆ

ಕಂಪೋಸಿಟರನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಎರಡೂ ಒಣಗಿದ ಮಣ್ಣಿನ ಹಾಗೆ. ಇದು ಅವನ ಹೆಂಡತಿಗೆ ಗೊತ್ತು. ಹತ್ತೊಂಬತ್ತು ವರ್ಷದಿಂದ ಅವನು ದುಡಿಯುತ್ತಿರುವ ಮುದ್ರಣಾಲಯದಲ್ಲಿ ಮಾತ್ರ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಸೇರುವ ದಿನ "ಕಣ್ಣು ಸರಿಯಿದೆಯಾ?" ಎಂದು ಕೇಳಿದಾಗ ಗೋಡೆಯ ಕ್ಯಾಲೆಂಡರಿನ ಅತಿ ಸಣ್ಣ ಅಕ್ಷರವನ್ನು ದೂರದಿಂದಲೇ ಗಡಗಡ ಓದಿ ತೋರಿಸಿದ್ದ. ಸುಳ್ಳೇನೂ ಹೇಳಲಿಲ್ಲ. ಸುಮ್ಮನಿದ್ದೇ ಸುಳ್ಳಾಡುವ ವಿದ್ಯೆಯಲ್ಲಿ ನಮ್ಮ ಸಂಭಾವಿತರೆಲ್ಲ ಪಂಡಿತರು, ಇವನೊಬ್ಬನನ್ನು ದೂರಿ ಏನು ಬಂತು.

ಔಷಧದ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರದ ಚೀಟಿ, ಅದನ್ನು ಅಚ್ಚು ಹಾಕುವುದೇ ಅಲ್ಲಿನ ಕೆಲಸ. ಇವನು ಕಂಪ್ಯೂಟರಿನ ಟೆಕ್ಸ್ಟ್ ಎಡಿಟರಿನಲ್ಲಿ ಪಠ್ಯ ಸಿದ್ಧ ಮಾಡುತ್ತಾನೆ. ಪಕ್ಕದ ಮೇಜಿನಲ್ಲಿ ಕರಡು ತಿದ್ದುವಾಕೆಯನ್ನು ಎಲ್ಲರೂ ಪ್ರೂಫಕ್ಕ ಅನ್ನುತ್ತಾರೆ. ಆಕೆ ತಿದ್ದಿದ ಮೇಲೆ ಇವನೇ ಅಚ್ಚಿಗೆ ಕಳಿಸಬೇಕು. ಎಡಿಟರಿಗೆ ಒಂದು ಐಕಾನ್ ಪ್ಲಗಿನ್, ಅಂದರೆ ಚಿತ್ರ ತೋರಿಸುವ ಪುಟ್ಟ ಸೇರ್ಪಡೆ, ಹಾಕಿದ್ದರು. ಪ್ರತಿ ಫೈಲಿನ ಹೆಸರಿನ ಮೊದಲಿಗೆ ಒಂದು ಪುಟಾಣಿ ಹಾಳೆಯ ಚಿತ್ರ. ತಿದ್ದದ ಕರಡಿಗೆ ಕೆಂಪು, ತಿದ್ದಿದ್ದಕ್ಕೆ ಹಸಿರು. ಹೆಸರುಗಳೋ ಹನುಮಂತನ ಬಾಲ, ಕರಡೋ ತಿದ್ದಿದ್ದೋ ಎಂದು ಬರೆದಿರುವ ಕೊನೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಬೇರೆಯವರಾದರೆ ಬಣ್ಣ ನೋಡಿ ಒತ್ತುತ್ತಿದ್ದರು. ಇವನು ಪ್ರತಿ ಸಲವೂ ಪಟ್ಟಿಯನ್ನು ಎಳೆದು ಅಗಲ ಮಾಡಿ, ಬಾಲದ ತುದಿಯವರೆಗೆ ಓದಿ ಒತ್ತುತ್ತಿದ್ದ. ಮಂಗಳವಾರ ಅವಸರದಲ್ಲಿ ಎಳೆಯಲಿಲ್ಲ, ತಿದ್ದದ ಕರಡನ್ನೇ ಒತ್ತಿಬಿಟ್ಟ.

ಮಗುವಿಗೆ ಅರ್ಧ ಚಮಚ ಎಂದಿರಬೇಕಾದ ಕಡೆ ಎರಡು ಚಮಚ ಎಂದು ಅಚ್ಚಾಯಿತು. ಗುರುವಾರ ಔಷಧ ಕಂಪನಿಯವರು ಕಟ್ಟು ಬಿಚ್ಚಿ ನೋಡಿದ್ದರಿಂದ ಚೀಟಿ ಯಾವ ಮನೆಗೂ ಹೋಗಲಿಲ್ಲ. ಯಜಮಾನರು ಎಲ್ಲರ ಮುಂದೆ ಪ್ರೂಫಕ್ಕನ ಮೇಲೆ ಎಗರಿಬಿದ್ದರು. "ಸೋಮವಾರಾನೇ ತಿದ್ದಿಟ್ಟಿದ್ದೆ ಸಾರ್" ಎಂದಳು ಆಕೆ. ಆದರೆ ಗಾಬರಿಯಲ್ಲಿ ತಿದ್ದಿದ ಆ ಫೈಲನ್ನು ತೆರೆದು ಮತ್ತೆ ಸೇವ್ ಮಾಡಿಬಿಟ್ಟಿದ್ದಳು. ಅದರ ಮೇಲೆ ಗುರುವಾರದ ತಾರೀಖು ಕೂತಿತ್ತು. "ಅಚ್ಚಾದ ಮೇಲೆ ತಿದ್ದಿ ನಾಟಕ ಆಡ್ತೀರಾ? ಶನಿವಾರವೇ ನಿಮಗೆ ಕೊನೇ ದಿನ" ಎಂದರು ಯಜಮಾನರು.

ಕಂಪೋಸಿಟರ್ ಅಲ್ಲಿ ಹೇಳದ ನಿಜವನ್ನು ರಾತ್ರಿ ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿದ.

"ನೀವು ಬಾಯಿ ಬಿಡ್ಬೇಡಿ" ಎಂದಳು ಹೆಂಡತಿ. "ಕಣ್ಣು ಸರಿಯಿಲ್ದೋರನ್ನ ಯಾರ್ರೀ ಇಟ್ಕೋತಾರೆ? ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಂಡ ಹಾಗೆ."

"ಹಾಗಾದ್ರೆ ಪ್ರೂಫಕ್ಕ?"

"ಅವರಿಗೆ ಬೇರೆ ಕಡೆ ಸಿಗತ್ತೆ ಬಿಡಿ." ಹಾಗೆಂದವಳು ಅವನ ಮುಖ ನೋಡಲಾರದೆ ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆದಳು.

ಶುಕ್ರವಾರ ಬೆಳಿಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಆ ಪ್ಲಗಿನ್ ಓಪನ್ ಸೋರ್ಸಿನದು. ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಎಲ್ಲೋ ಕೂತು ಅದನ್ನು ನೋಡಿಕೊಳ್ಳುವ ಪುಣ್ಯಾತ್ಮ ಒಪ್ಪಿದರೆ ಬದಲಾವಣೆ ಎಲ್ಲರಿಗೂ ಸೇರುತ್ತದೆ. ಇವನು ತಾನೇ ಕಲಿತ ವಿದ್ಯೆಯಲ್ಲಿ ಎರಡು ಹೊಸ ಹಾಳೆಯ ಚಿತ್ರ ಬರೆದ. ತಿದ್ದಿದ್ದಕ್ಕೆ ನಡುವೆ ಸರಿ ಗುರುತು. ಅಷ್ಟು ಸಣ್ಣ ಅಳತೆಯಲ್ಲಿ ಅದು ಕಸದಂತೆ ಕಂಡಿತು, ಗೆರೆ ದಪ್ಪ ಮಾಡಿದ. ಕರಡಿಗೆ ಮೂಲೆ ಹರಿದ ಹಾಳೆ. ಇನ್ನು ಬಣ್ಣ ಕಾಣದವನೂ ಆಕಾರ ನೋಡಿ ಗುರುತಿಸಬಹುದು. ಕಳಿಸಿದ, ಎದೆ ಒಂಚೂರು ಹಗುರಾಯಿತು. ಒಬ್ಬಳ ಕುತ್ತಿಗೆ ಕೊಯ್ದು ಊರಿಗೆಲ್ಲ ಮದ್ದು ಹಂಚುವ ಧರ್ಮ!

ಮಧ್ಯಾಹ್ನ ಉತ್ತರ ಬಂತು. ಚಿತ್ರ ಚೆನ್ನಾಗಿದೆ, ಆದರೆ ಸಾವಿರಾರು ಜನ ಹಳೆಯದಕ್ಕೆ ಒಗ್ಗಿದ್ದಾರೆ, ಬದಲಿಸಲು ಕಾರಣ ಬೇಕು. ಹಳೆಯದರಿಂದ ಯಾರಿಗೆ, ಏನು ತೊಂದರೆಯಾಯಿತು?

'ಕೆಲವರಿಗೆ' ಎಂದು ಬರೆದು ಅಳಿಸಿದ. 'ನನ್ನ ಸ್ನೇಹಿತನೊಬ್ಬನಿಗೆ' ಎಂದು ಬರೆದು ಅದನ್ನೂ ಅಳಿಸಿದ. ಆಮೇಲೆ ಕಟ್ಟೆ ಒಡೆದಂತೆ ಚಮಚದ ಕಥೆಯನ್ನೆಲ್ಲ ಬರೆದ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಬೆನ್ನ ಹಿಂದೆ ಉಸಿರು ಕೇಳಿಸಿತು. ಡ್ರಾಯರ್ ಖಾಲಿ ಮಾಡುತ್ತಿದ್ದ ಪ್ರೂಫಕ್ಕ, ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡಲಾರದವಳು, ಕೊನೆಯ ಸಾಲಿನವರೆಗೂ ಓದಿ ಮುಗಿಸಿದ್ದಳು.

"ಯಾರಿಗಪ್ಪ ಇದು?"

"ಪ್ಲಗಿನ್ ನೋಡ್ಕೊಳ್ಳೋನಿಗೆ ಅಕ್ಕ. ಯಾರೋ ಗೊತ್ತಿಲ್ಲ."

"ಮುಖ ನೋಡದೋನ ಮುಂದೆ ತಪ್ಪೊಪ್ಪಿಗೆ! ಹತ್ತು ಮೆಟ್ಟಿಲು ಹತ್ತಿದ್ರೆ ಯಜಮಾನರ ರೂಮು, ಅಲ್ಲಿಗೆ ಕಾಲು ಬರಲ್ವೇನೋ ನಿಂಗೆ?" ಆಕೆ ಕೈಯಲ್ಲಿದ್ದ ಡ್ರಾಯರಿನ ಸಾಮಾನನ್ನು ಅವನ ಮೇಜಿನ ಮೇಲೆ ಇಟ್ಟಳು. "ನಿಜವಾಗ್ಲೂ ತಿದ್ದಿದ್ನೋ ಇಲ್ವೋ ಅಂತ ನನಗೇ ಅನುಮಾನ ಹತ್ತಿಬಿಟ್ಟಿದೆ ಕಣೋ. ನಿನ್ನೆ ಬಾಗಿಲಿಗೆ ಬೀಗ ಹಾಕಿದ್ನಾ ಅಂತ ಮೂರು ಸಲ ವಾಪಸ್ ಹೋಗಿ ನೋಡ್ದೆ."

ಅವನು ಗುಂಡಿ ಒತ್ತಿದ. ಎದ್ದು ಮೆಟ್ಟಿಲು ಹತ್ತಿದ.

ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡು ಮೇಜಿನ ಮೇಲಿದ್ದ ಪೆನ್ನು ಎತ್ತಿ ಹಿಡಿದರು. "ಇದ್ಯಾವ ಬಣ್ಣ?"

ವಿಷಯ ತಿಳಿದ ಯಾರಾದರೂ ಮೊದಲು ಕೇಳುವುದು ಅದನ್ನೇ.

"ಗೊತ್ತಿಲ್ಲ ಸಾರ್."

"ಈ ರಟ್ಟು?"

"ಅದೂ ಗೊತ್ತಿಲ್ಲ."

"ಇಷ್ಟು ವರ್ಷ ನನ್ನ ಕಣ್ಣಿಗೇ ಮಣ್ಣೆರಚಿದ್ಯಲ್ಲಯ್ಯ!"

"ಹೌದು ಸಾರ್. ಅಕ್ಕಂದು ತಪ್ಪಿಲ್ಲ. ಆ ಫೈಲ್ ಕಳ್ಸಿದ್ದು ನಾನು."

"ಆ ಯಮ್ಮನ್ನ ಮೇಲೆ ಕಳ್ಸು" ಎಂದರು ಯಜಮಾನರು. "ನಿನ್ನ ವಿಚಾರ ಸೋಮವಾರ. ಅಲ್ಲೀವರೆಗೆ ಒಂದು ಫೈಲೂ ಮುಟ್ಟಕೂಡದು."

ಪ್ರೂಫಕ್ಕ ಮೆಟ್ಟಿಲ ಮೇಲೆ ಅವನನ್ನು ದಾಟಿ ಹೋದಳು. ನಗಲಿಲ್ಲ, ಉಪಕಾರವಾಯಿತು ಎನ್ನಲಿಲ್ಲ. ಯಾಕೆ ಅನ್ನಬೇಕು? ಅವನು ಕುರ್ಚಿಯಲ್ಲಿ ಕೈ ಕಟ್ಟಿ ಕೂತ. ಸೋಮವಾರ ಏನಾಗುತ್ತದೋ, ಸಂಜೆ ಮನೆಯಲ್ಲಿ ಹೇಗೆ ಬಾಯಿ ತೆರೆಯುವುದೋ, ಒಂದೂ ಹೊಳೆಯಲಿಲ್ಲ. ಮೇಲಿನಿಂದ ಯಜಮಾನರ ಮಾತು ತಡವರಿಸುತ್ತಾ ಕೇಳಿಸಿತು. ಅದನ್ನು ಕತ್ತರಿಸಿ ಪ್ರೂಫಕ್ಕನ ದನಿ, ಅಚ್ಚಿನ ಯಂತ್ರದವರೂ ಕತ್ತು ಎತ್ತುವಷ್ಟು ಜೋರಾಗಿ:

"ಅದನ್ನ ಇಲ್ಲಿ ಹೇಳ್ಬೇಡಿ ಸಾರ್. ಕೆಳಗೆ ಬಂದು ಎಲ್ಲರ ಮುಂದೆ ಹೇಳಿ. ಬೈದಿದ್ದೂ ಎಲ್ಲರ ಮುಂದೇನೇ."