ಕೊನೆಯ ಸಾಲಿನ ಮೊಗ್ಗು

ತಳಿ ಊರಿನ ಕಡೆ ಗುಲಾಬಿ ಬೆಳೆದು ಗೆದ್ದವರು ಹೇಗಿರುತ್ತಾರೆಂದು ತಿಳಿಯಬೇಕಾದರೆ ನಮ್ಮ ಪಾಪಯ್ಯನವರನ್ನು ನೋಡಬೇಕು. ಹೆಗಲ ಮೇಲೆ ಟವಲ್ ಇರಬೇಕಾದ ಜಾಗದಲ್ಲಿ ಅವರಿಗೆ ಅಳತೆಯ ಟೇಪು. ದಂಟು ಅರವತ್ತು ಸೆಂಟಿಮೀಟರಿಗೆ ಒಂದು ಗೆರೆ ಕಮ್ಮಿಯಾದರೂ ಮುಖ ಬಾಡುತ್ತದೆ. ಹೆಣ್ಣು ನೋಡಲು ಬಂದ ಗಂಡಿನ ಎತ್ತರವನ್ನೂ ಸೆಂಟಿಮೀಟರಿನಲ್ಲೇ ಹೇಳುತ್ತಾರೆ. ಮೊಗ್ಗಿಗೆ ಬಲೆಯ ಕುಲಾವಿ ತೊಡಿಸಿ ದಪ್ಪ ಮಾಡುವುದನ್ನು ಊರಿಗೆಲ್ಲ ಕಲಿಸಿದವರು ಅವರೇ. ಬಿಗಿ ಮೊಗ್ಗನ್ನಷ್ಟೇ ವ್ಯಾಪಾರಿಗಳು ಕೊಳ್ಳುವುದರಿಂದ "ಅರಳ್ತಾ? ಕಸ ಕಣಮ್ಮ, ಕಸ!" ಎಂಬುದು ಅವರ ಪಾಲಿಹೌಸಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ಹನ್ನೆರಡು ವರ್ಷಗಳಲ್ಲಿ ಎಷ್ಟು ಲಕ್ಷ ಮೊಗ್ಗು ಲಾರಿ ಹತ್ತಿದವೋ. ಅವೆಲ್ಲ ಅರಳಿದ್ದು ಯಾರದೋ ಮದುವೆಯಲ್ಲಿ, ಯಾರದೋ ಮೇಜಿನ ಮೇಲೆ. ಮೊಗ್ಗು ಕೊಯ್ಯುವ ಪಾರ್ವತಮ್ಮನಿಗೆ ಮಾತ್ರ ವಾರಕ್ಕೊಂದು ಬೈಗುಳ ತಪ್ಪದು, ಏಕೆಂದರೆ ಕೊನೆಯ ಸಾಲಿನ ಮೂಲೆಯಲ್ಲಿ ಪ್ರತಿ ವಾರ ಒಂದು ಹೂ ಪೂರ್ತಿ ಅರಳಿ ನಿಂತಿರುತ್ತದೆ. "ಕಣ್ಣು ಎಲ್ಲಿಕ್ಕಿದ್ದೆ?" ಎಂದು ಕೂಗಾಡುತ್ತಾ ಪಾಪಯ್ಯನವರು ಅದನ್ನು ಕಿತ್ತುಕೊಂಡು ಕಸಕ್ಕೆ ಹಾಕಲು ಹೋಗುತ್ತಾರೆ. ಹೋದವರು ನೀರಿನ ತೊಟ್ಟಿಯ ಹಿಂದೆ ಕೂತು ಅರ್ಧ ಗಂಟೆಯಾದರೂ ಬರುವುದಿಲ್ಲ. "ಯಾಕಮ್ಮ ಸುಮ್ನೆ ಬೈಸ್ಕೊತೀಯಾ?" ಎಂದು ಒಮ್ಮೆ ಪಾರ್ವತಮ್ಮನನ್ನು ಕೇಳಿದೆ. ಬಕೆಟ್ಟಿಗೆ ಮೊಗ್ಗು ಜೋಡಿಸುತ್ತಲೇ ಆಕೆ ಮೆಲ್ಲಗೆ ಹೇಳಿದಳು: "ಆ ಮೊಗ್ಗ ಎಲೆ ಮರೇಗೆ ಬಗ್ಸಿ ಮಡಗೋದು ಯಜಮಾನ್ರೇ ಕಣಪ್ಪ. ನಂಗೆ ಗೊತ್ತಿಲ್ಲ ಅಂದ್ಕೊಂಡವ್ರೆ. ನಾನೂ ಕಾಣ್ದೋಳಂಗೆ ಮುಂದಕ್ಕೋಯ್ತೀನಿ."